ನಾಲ್ಕೂ ಚಕ್ರಗಳ ಮೀಮಾಂಸೆ

ಬೆಂಗಳೂರಿನಲ್ಲಿ ನೆಲೆ ನಿಂತು, ಮಮಕಾರವನ್ನು ಮಾತ್ರ ಕೊಪ್ಪ, ಶೃಂಗೇರಿ, ತೀರ್ಥಹಳ್ಳಿಗಳ ಕಡೆಯಲ್ಲೇ ಉಳಿಸಿಕೊಂಡಿರುವ ಮಧ್ಯಮವರ್ಗದ ಗೃಹಸ್ಥನಲ್ಲಿ, ವಯಸ್ಸು ನಲವತ್ತೈದು ದಾಟುವ ಹೊತ್ತಿಗೆ, ಡೀಸೆಲ್ ಎಂಜಿನ್ನಿನ ಫೋರ್ ವೀಲ್ ಡ್ರೈವ್ ಕಾರೊಂದನ್ನು ಕೊಳ್ಳಬೇಕೆಂಬ ಹಂಬಲ ತಲೆದೋರುವುದು ಸಾಮಾನ್ಯವಾಗಿ ಕಂಡುಬರುವ ಸಂಗತಿ. ಇದಕ್ಕೆ ವಂಶಪಾರಂಪರ್ಯದ ಹಿನ್ನೆಲೆಯುಂಟು. ಎರಡನೆಯ ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ ರೂಪುಗೊಂಡ ವಿಲ್ಲೀಸ್ ಜೀಪನ್ನು 1947ರ ಸುಮಾರಿಗೆ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ಜೋಡಿಸತೊಡಗಿದ ಮೇಲೆ, ಆ ಕುಲದ ವಾಹನಗಳು ಕಾಲಕ್ರಮದಲ್ಲಿ ಮಲೆನಾಡಿನ ತೋಟಗಳನ್ನು ಹತ್ತಿ, ಗೊಬ್ಬರದ ಮೂಟೆ, ಅಡಿಕೆಗೊನೆ, ದಿನ ತುಂಬಿದ ಬಸುರಿ, ಮದುವೆಯ ದಿಬ್ಬಣ ಎಲ್ಲವನ್ನೂ ಸಮಭಾವದಿಂದ ಹೊತ್ತವು. ಅಂಥ ಜೀಪಿನ ಹಿಂಬದಿಯ ಅಡ್ಡಸೀಟಿನಲ್ಲಿ ಕುಳಿತು, ಪ್ರತಿ ಗುಂಡಿಗೂ ಮೇಲಿನ ಕಬ್ಬಿಣದ ಸರಳಿಗೆ ತಲೆ ಕುಟ್ಟಿಸಿಕೊಂಡು ಬೆಳೆದ ಬಾಲಕ, ಮುಂದೆ ಜಯನಗರದಲ್ಲಿ ಮನೆ ಮಾಡಿ, ಏಸಿ ಕೋಣೆಯಲ್ಲಿ ಕೆಲಸ ಮಾಡಿದರೂ, ಆ ಪೆಟ್ಟಿನ ಪರಿಣಾಮದಿಂದ ಪೂರ್ತಿ ಹೊರಬಂದಿರುವುದಿಲ್ಲ.

ಡೀಸೆಲ್ಲೂ ಫೋರ್ ವೀಲೂ ಒಂದಕ್ಕೊಂದು ಅಂಟಿಕೊಂಡೇ ಬರುವುದಕ್ಕೆ ಗೃಹಸ್ಥನ ಹಟ ಕಾರಣವಲ್ಲ. ಥಾರ್ ರಾಕ್ಸ್, ಸ್ಕಾರ್ಪಿಯೊ-ಎನ್ ಮೊದಲಾದ ಕುಟುಂಬಯೋಗ್ಯ ವಾಹನಗಳಲ್ಲಿ ನಾಲ್ಕು ಚಕ್ರಗಳಿಗೂ ಬಲ ಬೇಕೆಂದವರು ಡೀಸೆಲ್ಲನ್ನೇ ಆರಿಸಬೇಕೆಂಬುದು ತಯಾರಕರ ಕಟ್ಟಳೆ. ಪೆಟ್ರೋಲಿನವರಿಗೆ ಹಿಂದಿನ ಎರಡು ಚಕ್ರಗಳಷ್ಟೇ ಪ್ರಾಪ್ತಿ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್ ಪಟ್ಟಣದಲ್ಲಿ ಓಡಿಸಿ ತೋರಿಸಿದ ಈ ಬಗೆಯ ಎಂಜಿನ್ನಿಗೆ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ಗಿನ ಅಗತ್ಯವಿಲ್ಲ; ಒಳಗೆ ಸೇರಿದ ಗಾಳಿಯನ್ನು ಸುಮಾರು ಹದಿನಾರನೆಯ ಒಂದು ಪಾಲಿಗೆ ಅದುಮಿದಾಗ ಹುಟ್ಟುವ ಕಾವಿಗೇ ಇಂಧನ ತಾನಾಗಿ ಉರಿಯುತ್ತದೆ. ಇಂದಿನ ಟರ್ಬೊ ಡೀಸೆಲ್ಲುಗಳಲ್ಲಿ ಟಾರ್ಕ್, ಅಂದರೆ ಚಕ್ರವನ್ನು ತಿರುಚುವ ಬಲ, ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗಲೇ ಧಾರಾಳವಾಗಿ ದೊರೆಯುವುದರಿಂದ ಏರಿನಲ್ಲಿ ಭಾರ ಎಳೆಯುವುದಕ್ಕೆ ಇದು ಹೇಳಿ ಮಾಡಿಸಿದಂತಿದೆ. ಗೃಹಸ್ಥನು ಇದನ್ನೆಲ್ಲ ಊಟದ ಹೊತ್ತಿನಲ್ಲಿ ವಿವರಿಸಿದಾಗ, ಗೃಹಿಣಿಯು ಸಾರು ಬಡಿಸುತ್ತ "ಇಷ್ಟು ಬಲ ಇಟ್ಕೊಂಡು ಗಾಂಧಿಬಜಾರಿಗೆ ಹೋಗೋದಾ ರೀ?" ಎಂದು ಕೇಳುವಳೆಂದೂ, ಈ ಪ್ರಶ್ನೆಗೆ ಸಮರ್ಪಕವಾದ ಉತ್ತರವನ್ನು ಈವರೆಗೆ ಯಾವ ಗೃಹಸ್ಥನೂ ಕೊಟ್ಟಿಲ್ಲವೆಂದೂ ತಿಳಿಯಬೇಕು.

ಫೋರ್ ವೀಲ್ ಡ್ರೈವಿನ ತತ್ತ್ವ ಸ್ವಲ್ಪ ಜಟಿಲವಾದುದು. ರಥಬೀದಿಯ ಮೂಲೆಯಲ್ಲಿ ತೇರು ತಿರುಗುವಾಗ ಹೊರಬದಿಯ ಹಗ್ಗ ಹಿಡಿದವರು ಓಡಬೇಕಾಗುತ್ತದೆ, ಒಳಬದಿಯವರು ನಿಂತಲ್ಲೇ ಕಾಲು ಎತ್ತಿಡುತ್ತಾರೆ. ಕಾರಿನ ಚಕ್ರಗಳದೂ ಇದೇ ಪಾಡಾದ್ದರಿಂದ ಎಡಬಲದ ಚಕ್ರಗಳಿಗೆ ಬೇರೆ ಬೇರೆ ವೇಗವನ್ನು ಹಂಚಲು ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಏರ್ಪಾಡಿದೆ. ಬೇಕೆಂದಾಗ ಮಾತ್ರ ಫೋರ್ ವೀಲ್ ಹಾಕಿಕೊಳ್ಳುವ ವಾಹನಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳ ನಡುವೆ ಇಂಥ ಏರ್ಪಾಡು ಇರುವುದಿಲ್ಲ. ಗುಂಡಿ ಒತ್ತಿದೊಡನೆ ಎರಡೂ ಒಂದೇ ವೇಗಕ್ಕೆ ಕಟ್ಟುಬೀಳುವುದರಿಂದ, ಚಕ್ರ ಜಾರಲು ಆಸ್ಪದವಿರುವ ಕೆಸರಿನಲ್ಲಿ ಇದು ಉಪಕಾರಿಯಾದರೂ, ಒಣಗಿದ ಡಾಂಬರಿನಲ್ಲಿ ಯಂತ್ರಾಂಗಗಳೇ ಒಂದಕ್ಕೊಂದು ಸೆಣಸಿ ಸವೆಯುತ್ತವೆ. ಆದ್ದರಿಂದ ಒಳ್ಳೆಯ ರಸ್ತೆಯಲ್ಲಿ ಎರಡೇ ಚಕ್ರಗಳ ಬಲದಿಂದ ಓಡಿಸಬೇಕೆಂದು ಕಾರಿನ ಕೈಪಿಡಿಯೇ ವಿಧಿಸುತ್ತದೆ. ಈ ವಿಧಿಗೆ ತಲೆಬಾಗಿ ಹೊರಟ ಗೃಹಸ್ಥನು, ಬೆಂಗಳೂರಿನಿಂದ ಊರಿನವರೆಗಿನ ಮುನ್ನೂರು ಚಿಲ್ಲರೆ ಕಿಲೋಮೀಟರುಗಳ ಉದ್ದಕ್ಕೂ ಆ ಗುಂಡಿಯನ್ನು ಆಗಾಗ ವಾತ್ಸಲ್ಯದಿಂದ ನೋಡುವುದನ್ನು ಬಿಟ್ಟು ಬೇರೇನೂ ಮಾಡುವಂತಿಲ್ಲ.

ಉಳಿದದ್ದು ಮನೆಗೆ ಹೋಗುವ ಕೊನೆಯ ಮಣ್ಣುಹಾದಿ. ಹಲವು ಊರುಗಳಲ್ಲಿ ಇದಕ್ಕೆ ಈಗಾಗಲೇ ಕಾಂಕ್ರೀಟು ಬಿದ್ದಿದ್ದು, ಗೃಹಸ್ಥನ ಪಾಲಿಗೆ ಇದು ವೈಯಕ್ತಿಕ ನಷ್ಟವೆಂದೇ ಹೇಳಬೇಕು. ಕಾಂಕ್ರೀಟು ಬೀಳದ ಕಡೆಗಳಲ್ಲಿಯೂ ಇನ್ನೊಂದು ತೊಡಕುಂಟು. ಹಾದಿಯು ಫೋರ್ ವೀಲನ್ನು ನಿಜವಾಗಿ ಬೇಡುವುದು ಆಷಾಢ, ಶ್ರಾವಣಗಳಲ್ಲಿ. ಆ ತಿಂಗಳುಗಳಲ್ಲಿ ಮಕ್ಕಳಿಗೆ ಶಾಲೆ, ಕಿರುಪರೀಕ್ಷೆ, ಟ್ಯೂಷನ್ನು. ಬೇಸಗೆ ರಜೆಯಲ್ಲಿ ಹೋದರೆ ಹಾದಿ ಧೂಳೆದ್ದು ಒಣಗಿರುತ್ತದೆ, ದೀಪಾವಳಿಗೆ ಹೋಗುವ ಹೊತ್ತಿಗೆ ಮಳೆ ಹಿಂದೆಗೆದಿರುತ್ತದೆ. ಶಾಲೆಯ ವೇಳಾಪಟ್ಟಿಯೂ ಮುಂಗಾರೂ ಸೇರಿ ನಡೆಸಿರುವ ಈ ಸಂಚಿನಿಂದಾಗಿ, ಸುಮಾರು ಎರಡು ಲಕ್ಷ ರೂಪಾಯಿ ಹೆಚ್ಚಿಗೆ ತೆತ್ತು ಪಡೆದ ಸೌಲಭ್ಯವು ಗೇಟಿನಿಂದ ಅಂಗಳದವರೆಗಿನ ಒಂದು ಏರಿಗೆ, ಅದೂ ಭಾವನೆಂಟರು ನೋಡುತ್ತ ನಿಂತಿರುವಾಗ, ಬಳಕೆಯಾಗುವ ಸಂಭವವೇ ಹೆಚ್ಚು. ಘಟ್ಟದ ಇಳಿಜಾರಿನಲ್ಲಿ ಫೋರ್ ವೀಲ್ ಕಾಪಾಡುವುದೆಂಬ ನಂಬಿಕೆಯೂ ಪರಿಶೀಲನೆಗೆ ನಿಲ್ಲುವುದಿಲ್ಲ. ಬ್ರೇಕು ಎಲ್ಲ ಕಾರುಗಳಲ್ಲಿಯೂ ನಾಲ್ಕು ಚಕ್ರಗಳಿಗೇ ಇರುವುದರಿಂದ, ಚಾರ್ಮಾಡಿಯ ಮಳೆಯಲ್ಲಿ ಕಾರು ನಿಲ್ಲುವುದು ಟೈರಿನ ಹಿಡಿತದಿಂದ ಮತ್ತು ಚಾಲಕನ ವಿವೇಕದಿಂದ.

ಡೀಸೆಲ್ ಕಾರಿಗೆ ನಗರವಾಸವು ಒಗ್ಗುವುದಿಲ್ಲವೆಂಬುದು ಇನ್ನೂ ಗಂಭೀರವಾದ ವಿಚಾರ. 2020ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್ 6 ಎಂಬ ಮಾಲಿನ್ಯ ನಿಯಮ ಜಾರಿಗೆ ಬಂದಾಗ ಮಾರುತಿ ಸಂಸ್ಥೆಯು ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಕೈಬಿಡದವರು ಹೊಗೆಕೊಳವೆಯಲ್ಲಿ ಡಿಪಿಎಫ್ ಎಂಬ ಮಸಿಸೋಸುಕವನ್ನು ಅಳವಡಿಸಿದರು. ಇದರಲ್ಲಿ ಕೂಡಿದ ಮಸಿ ಸುಟ್ಟುಹೋಗಬೇಕಾದರೆ ಹೊಗೆಯು ಚೆನ್ನಾಗಿ ಕಾಯಬೇಕು, ಹೊಗೆ ಕಾಯಬೇಕಾದರೆ ಕಾರು ಹದಿನೈದಿಪ್ಪತ್ತು ನಿಮಿಷ ತಡೆಯಿಲ್ಲದೆ ಒಂದೇ ಹದದ ವೇಗದಲ್ಲಿ ಓಡಬೇಕು. ಬೆಂಗಳೂರಿನ ರಸ್ತೆಗಳನ್ನು ಬಲ್ಲವರಿಗೆ ಈ ಷರತ್ತಿನ ಕ್ರೌರ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿಲ್ಕ್ ಬೋರ್ಡಿನ ಜಂಕ್ಷನ್ನಿನಲ್ಲಿ ಒಂದನೆಯ ಗೇರಿನಲ್ಲೇ ಹಗಲು ಕಳೆದ ಕಾರಿನಲ್ಲಿ ಒಂದು ದಿನ ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಆಗ ಗೃಹಸ್ಥನು ಭಾನುವಾರ ಬೆಳಿಗ್ಗೆ ಐದಕ್ಕೆ ಎದ್ದು, ಟೋಲು ಕಟ್ಟಿ, ನೈಸ್ ರಸ್ತೆಯಲ್ಲಿ ಯಾವ ಊರಿಗೂ ಹೋಗದೆ ಕಾರಿನ ಮಸಿ ಸುಟ್ಟುಕೊಂಡು, ಬರುವಾಗ ಇಡ್ಲಿ ಕಟ್ಟಿಸಿಕೊಂಡು ಹಿಂತಿರುಗುತ್ತಾನೆ.

ಲೆಕ್ಕಾಚಾರವನ್ನು ಸಂಕ್ಷೇಪವಾಗಿ ನೋಡಬಹುದು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಶೇ. 40ರ ಜಿಎಸ್‌ಟಿ ಇದೆ. ಇದನ್ನೂ ಒಳಗೊಂಡ ಬೆಲೆ ಇಪ್ಪತ್ತು ಲಕ್ಷ ಮೀರಿದರೆ, ಅದರ ಮೇಲೆ ಕರ್ನಾಟಕವು ಶೇ. 18ರ ಜೀವಿತಾವಧಿ ತೆರಿಗೆಯನ್ನು, ಆ ತೆರಿಗೆಯ ಮೇಲೆ ಸೆಸ್ಸನ್ನು ವಿಧಿಸುತ್ತದೆ. ಇವೆಲ್ಲಕ್ಕೆ ವಿಮೆಯನ್ನೂ ಕೂಡಿಸಿ ಬರುವ ಮೊತ್ತಕ್ಕೆ ಆನ್-ರೋಡ್ ಬೆಲೆಯೆಂದು ಹೆಸರು. ಷೋರೂಮಿನವರು ಇದನ್ನು ಕಾಫಿ ಕೊಟ್ಟ ಮೇಲೆಯೇ ಹೇಳುತ್ತಾರೆ. ವರ್ಷಕ್ಕೆ 8,000 ಕಿಲೋಮೀಟರ್ ಓಡಾಟ, ಪೆಟ್ರೋಲು ಲೀಟರಿಗೆ 103 ರೂಪಾಯಿ, ಡೀಸೆಲ್ 91 ರೂಪಾಯಿ, ಮೈಲೇಜು ಅನುಕ್ರಮವಾಗಿ 10 ಮತ್ತು 13 ಎಂದು ಹಿಡಿದರೆ, ಡೀಸೆಲ್ಲಿನಿಂದ ಉಳಿಯುವುದು ವರ್ಷಕ್ಕೆ ಸುಮಾರು 26,000 ರೂಪಾಯಿ. ಡೀಸೆಲ್ಲಿಗೂ ಫೋರ್ ವೀಲಿಗೂ ಸೇರಿ ಮೂರೂವರೆ ಲಕ್ಷ ಹೆಚ್ಚಿಗೆ ಕೊಟ್ಟಿದ್ದರೆ, ಆ ಹಣ ಹಿಂದೆ ಬರುವುದಕ್ಕೆ ಹದಿಮೂರು ವರ್ಷ ಬೇಕು. ಹದಿನೈದಕ್ಕೆ ನೋಂದಣಿಯ ಅವಧಿ ಮುಗಿದು ಎಫ್‌ಸಿ ಮಾಡಿಸುವ ಕಾಲ ಬರುತ್ತದೆ. ಮಧ್ಯೆ ಎರಡು ವರ್ಷ ಶುದ್ಧ ಲಾಭ.

ಈ ಘಟ್ಟದಲ್ಲಿ ನೆಂಟರ ಅಭಿಪ್ರಾಯಗಳು ಒದಗಿ ಬರುತ್ತವೆ. ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳು ದೆಹಲಿಯಲ್ಲಿ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2015ರಲ್ಲಿ ಆದೇಶಿಸಿದ್ದನ್ನು, ತುಮಕೂರಿನಿಂದಾಚೆಗೆ ಕಾರು ಓಡಿಸಿರದ ಭಾವನು ಪ್ರಮಾಣವಾಗಿ ಮುಂದಿಡುತ್ತಾನೆ. ಆ ಆದೇಶ ಕರ್ನಾಟಕಕ್ಕೆ ಅನ್ವಯಿಸುವುದಿಲ್ಲವೆಂದರೆ "ಇವತ್ತು ಅಲ್ಲಿ, ನಾಳೆ ಇಲ್ಲಿ" ಎನ್ನುತ್ತಾನೆ. ಮಗನಿಗೆ ಬೇಕಾದುದು ಸನ್‌ರೂಫು. ಯಾರೂ ಅಭಿಪ್ರಾಯ ಕೇಳದ ವ್ಯಕ್ತಿಯೆಂದರೆ ಗೃಹಸ್ಥನ ತಾಯಿ. ವಾಸ್ತವದಲ್ಲಿ ನಿರ್ಣಾಯಕವಾದ ಮತವು ಆಕೆಯ ಮೊಣಕಾಲಿನದು. ಚಾಸಿಯ ಮೇಲೆ ಕೂರಿಸಿದ ಈ ಎತ್ತರದ ವಾಹನಗಳ ಬಾಗಿಲಲ್ಲಿ ಆಕೆ ಒಂದು ಕೈಯಲ್ಲಿ ಸೀರೆಯ ನಿರಿಗೆ, ಇನ್ನೊಂದರಲ್ಲಿ ಬಾಗಿಲ ಮೇಲಿನ ಹಿಡಿಕೆ ಹಿಡಿದು, ಎಡಗಾಲನ್ನು ಮೆಟ್ಟಿಲಿಗೆ ಇಟ್ಟು, ಬಲಗಾಲು ಮೇಲೇಳದೆ ನಿಂತಾಗ, ಸೊಸೆ ಒಳಗಿನಿಂದ ಎಳೆದು ಮೊಮ್ಮಗ ಹೊರಗಿನಿಂದ ಒತ್ತಬೇಕಾಗುತ್ತದೆ. ಆಮೇಲೆ ಬಚ್ಚಲಮನೆಯ ನೀಲಿ ಪ್ಲಾಸ್ಟಿಕ್ ಸ್ಟೂಲೊಂದು ಡಿಕ್ಕಿಯಲ್ಲಿ ಕಾಯಂ ಆಗಿ ನೆಲೆಸುತ್ತದೆ.

ತೋಟದಲ್ಲೇ ವಾಸವಿದ್ದು, ಮಳೆಗಾಲದ ರಾತ್ರಿ ರೋಗಿಯನ್ನು ಕೆಸರುಹಾದಿಯಲ್ಲಿ ಪೇಟೆಗೆ ಸಾಗಿಸಬೇಕಾದವರಿಗೆ ಈ ಮೀಮಾಂಸೆ ಅನ್ವಯಿಸುವುದಿಲ್ಲ. ಅವರು ಡೀಸೆಲ್ಲನ್ನೂ ಫೋರ್ ವೀಲನ್ನೂ ಕಣ್ಣುಮುಚ್ಚಿ ಕೊಳ್ಳಬಹುದು. ನಗರವಾಸಿಗಳು ಎರಡು ಚಕ್ರದ ಬಲವಿರುವ ಪೆಟ್ರೋಲ್ ಕಾರಿಗೆ ಒಳ್ಳೆಯ ಟೈರು ಹಾಕಿಸಿಕೊಂಡು, ಕೊಡಚಾದ್ರಿಯಂಥ ಕಡೆ ಸ್ಥಳೀಯರ ಬಾಡಿಗೆ ಜೀಪು ಹತ್ತುವುದೇ ಮೇಲು. ಇಷ್ಟರ ಮೇಲೂ ಹಂಬಲ ತೀರದವರು ಮುಂಗಡ ಕೊಡುವ ಮೊದಲು ತಾಯಿಯನ್ನು ಷೋರೂಮಿಗೆ ಕರೆದೊಯ್ದು, ಸ್ಟೂಲಿಲ್ಲದೆ ಒಮ್ಮೆ ಹತ್ತಿಸಿ ನೋಡಬೇಕು.