ತಿಕ್ಕಿದರೆ ಕೆಟ್ಟೆ: ಹಾಲಿ ಸಿಕ್ಕಾ ರೂಪಾಯಿಯ ಸಂದರ್ಶನ

(ಕೊಪ್ಪಳದ ಬೆಳ್ಳಿ ಅಂಗಡಿಯೊಂದರ ತಕ್ಕಡಿಯಲ್ಲಿ ನಿಜಾಮರ ಕಾಲದ ರೂಪಾಯಿಯೊಂದು ಕೂತಿತ್ತು. ಮಾಲೀಕರು ಫೋನಿನಲ್ಲಿದ್ದರು. ಮಾತಾಡಿಸಿದೆ.)

ತಮ್ಮ ಪರಿಚಯ?

ಹುಟ್ಟಿದ್ದು ಹೈದರಾಬಾದ್ ಟಂಕಸಾಲ್ಯಾಗ, ಹಿಜರಿ 1337. ನಿಮ್ಮ ಲೆಕ್ಕಕ್ಕ 1918-19. ಎದಿಮ್ಯಾಲೆ ಚಾರ್‌ಮಿನಾರ್, ಅದರ ಬಾಗಿಲದಾಗ 'ಐನ್' ಅಕ್ಷರ: ನಿಜಾಮ ಉಸ್ಮಾನ್ ಅಲಿ ಖಾನರ ಗುರ್ತು. ತೂಕ 11.18 ಗ್ರಾಂ, ನೂರಕ್ಕ 82 ಪಾಲು ಬೆಳ್ಳಿ. ಕೊಪ್ಪಳದಾಗ, ಅಂದ್ರ ಸಾಲಾರ್ ಜಂಗರ ಜಹಗೀರಿನ್ಯಾಗ, ನಾನು ಪೂರಾ ರೂಪಾಯಿ. ಹೊಳಿ ದಾಟಿ ಹೊಸಪೇಟಿ ಸಂತಿಗೆ ಹೋದ್ರ ಬ್ರಿಟಿಷರ ಆರಕ್ಕ ನಾವು ಏಳು ಮಂದಿ ನಿಲ್ಲಬೇಕಿತ್ತು.

ಮೈಯೆಲ್ಲ ಕಪ್ಪಾಗಿದೆಯಲ್ಲ?

ಗಾಳಿಯಾಗಿನ ಗಂಧಕ ಬೆಳ್ಳಿಗೆ ಹತ್ತೇತಿ. ಪದರ ತೆಳ್ಳಗಿದ್ದಾಗ ಹಳದಿ, ಆಮ್ಯಾಲೆ ನೇರಳೆ, ನೀಲಿ. ದಪ್ಪ ಆದಂಗ ಕಪ್ಪು. ಸಹಜ ಬಣ್ಣ ಒಂದರಾಗೊಂದು ಕರಗಿರತೈತಿ, ಒಳಗಿಂದ ಹೊಳಪು ಇಣುಕತೈತಿ. ಗಂಧಕದ ಹೊಗಿ ತೋರಿಸಿ ಒಂದೇ ರಾತ್ರಿ ಬರಿಸಿದ ಬಣ್ಣ ಜಾತ್ರಿ ಬೊಂಬಿಯ ಬಣ್ಣದಂಗ ಮ್ಯಾಲೇ ಕುಂತಿರತೈತಿ. ಬೊಂಬಿ ಮಾಡೋ ಕಿನ್ನಾಳದವರು ಸಿಟ್ಟಾಗಬಾರದು, ಅವರದು ಅಸಲಿ.

ಗ್ರೇಡ್ ಹೇಗೆ ಕೊಡುತ್ತಾರೆ?

1ರಿಂದ 70. ಶೆಲ್ಡನ್ ಅನ್ನೋ ಅಮೆರಿಕದಾವ 1949ರಾಗ ತಮ್ಮ ತಾಮ್ರದ ಸೆಂಟಿಗೆ ಮಾಡಿದ ಅಳತಿ, ಈಗ ನಮ್ಮ ಕೊಳ್ಳಿಗೂ ಬಿದ್ದೈತಿ. ಎತ್ತರದ ಭಾಗ ಮೊದಲು ಸವೀತಾವು, ಅದಕ್ಕ ಮಿನಾರದ ತುದಿ ನೋಡ್ತಾರ. ಸವದ್ರ ಅಂಕ ಕಡಿಮಿ, ಅಷ್ಟ. ತಿಕ್ಕಿದ್ದು ಗೊತ್ತಾದ್ರ ಅಂಕನೇ ಇಲ್ಲ.

ಇಲ್ಲಿ ಅಷ್ಟು ಸೂಕ್ಷ್ಮ ಬಲ್ಲವರಿದ್ದಾರೆಯೇ?

ಯಾಕಿಲ್ರಿ? ಅಜ್ಜಿ ಮಾರಾಕ ತಂದಾಗ ನನ್ನ ಮೈಮ್ಯಾಲಿದ್ದದ್ದು ಕಿಲುಬು. ತೂಕದ ರೇಟು, ಅದರಾಗೂ ಸೋರಿಕಿ ಕಡಿತ. ಆಕಿ ಹೊಸ್ತಿಲಾ ದಾಟಿದ್ಲು, ಕಿಲುಬು 'ನೂರು ವರ್ಷದ ನ್ಯಾಚುರಲ್ ಟೋನಿಂಗ್' ಆತು. ನೂರು ವರ್ಷ ಗಾಳಿ ಮಾಡದ ರಸಾಯನ ಒಂದು ಹೊಸ್ತಿಲಾ ಮಾಡತೈತಿ.

ಉಳಿದ ಅಣ್ಣತಮ್ಮಂದಿರು?

ಕುಷ್ಟಗಿಯಾಂವ ದೇವರ ಜಗಲಿಮ್ಯಾಲೆ ಅದಾನ. ದೀಪಾವಳಿ ಬಂತಂದ್ರ ಹುಣಸಿಹಣ್ಣು, ಬೂದಿ. ಈಗ ಮಿನಾರೂ ಇಲ್ಲ, ಐನೂ ಇಲ್ಲ. ಮನಿಮಂದಿಗೆ ಮಾತ್ರ ಬಾಳ ಸಂತೋಷ, ಕನ್ನಡಿ ಆಗ್ಯಾನ. ಗಂಗಾವತಿಯಾಂವಗ ಕೊಂಡಿ ಬೆಸದು ಸರಕ್ಕ ಪೋಣಿಸಿದ್ರು. ಯಲಬುರ್ಗಿಯಾಂವನ್ನ 1948ರ ಗದ್ದಲದಾಗ ಗಡಿಗ್ಯಾಗ ಹಾಕಿ ಹೂಳಿದ್ರು. ಯಾರೂ ತಿಕ್ಕಿಲ್ಲ, ಬೆಸುಗಿ ಇಲ್ಲ, ಒಂದು ಗೀರಿಲ್ಲ.

ಹಾಗಾದರೆ ಅವರಿಗೇ ಹೆಚ್ಚಿನ ಗ್ರೇಡ್!

ಹೌದ್ರಿ. ಎಲ್ಲಿ ಹೂಳಿದ್ರು ಅನ್ನೂದು ಹೂಳಿದ ಯಜಮಾನಗೊಬ್ಬಗ ಗೊತ್ತಿತ್ತು.