ಪಂಚಮ ಬ್ಯಾಟರಿ ಮೀಮಾಂಸೆ

ವಿಷಯ: 48 ವೋಲ್ಟಿನ ಇ-ಬೈಕಿನ ಸೀಟಿನಡಿ ತಲಾ 12 ವೋಲ್ಟಿನ ನಾಲ್ಕು ಬ್ಯಾಟರಿಗಳು ಸಂಸಾರ ಹೂಡಿರುತ್ತವೆ. ಐದನೆಯದು ಬಂದು ಸೇರಿದರೆ 60 ವೋಲ್ಟ್. ಮೋಟರಿನ ವೇಗ ವೋಲ್ಟೇಜಿನ ಬೆನ್ನು ಹತ್ತಿ ಏರುವುದರಿಂದ, ಗಂಟೆಗೆ 25 ಕಿ.ಮೀ. ಓಡುವ ಗಾಡಿ 31 ಓಡಬೇಕು. ಈ ಆರು ಕಿಲೋಮೀಟರಿಗಾಗಿ ಏನೇನು ಸುಟ್ಟುಕೊಳ್ಳಬಹುದು ಎಂಬುದೇ ಇಲ್ಲಿನ ಜಿಜ್ಞಾಸೆ.

ವಿಧಾನ: ನ್ಯಾಯಶಾಸ್ತ್ರಕ್ಕೆ ಪ್ರಮಾಣಗಳು ನಾಲ್ಕು. ನಾವು ಆಯ್ದುಕೊಂಡ ತಾಲ್ಲೂಕುಗಳೂ ನಾಲ್ಕು, ತಾಲ್ಲೂಕಿಗೊಂದು ಪಂಥ. ಇದು ಕಾಕತಾಳೀಯ ಎನ್ನುವವರು ಸಂಶೋಧಕರಲ್ಲ.

ಉಪಮಾನ (ಇಂಡಿ ಪಂಥ): ರಾಜ್ಯ ಲಿಂಬೆ ಅಭಿವೃದ್ಧಿ ಮಂಡಳಿಯೇ ಇರುವ ಊರಿಗೆ ಬ್ಯಾಟರಿಯ ಹಂಗೇಕೆ? ತಾಮ್ರದ ತಂತಿ, ಸತುವಿನ ಮೊಳೆ ಚುಚ್ಚಿದ ಲಿಂಬೆ ಸುಮಾರು 0.9 ವೋಲ್ಟ್ ಕೊಡುತ್ತದೆ. 14 ಹಣ್ಣು ಸಾಲಾಗಿ ಜೋಡಿಸಿದರೆ 12 ವೋಲ್ಟ್ ದಾಟಿತು. ದೋಷ ಇಷ್ಟೇ: ಹಣ್ಣಿಗೆ ಒಂದು ಮಿಲಿವ್ಯಾಟ್ ಎಂದು ಉದಾರವಾಗಿ ಹಿಡಿದರೂ 250 ವ್ಯಾಟಿಗೆ ಎರಡೂವರೆ ಲಕ್ಷ ಲಿಂಬೆ ಬೇಕು. ಅಷ್ಟನ್ನು ಹೊರುವ ಲಾರಿ ಡೀಸೆಲ್ಲಿನದು.

ಪ್ರತ್ಯಕ್ಷ (ಸಿಂದಗಿ ಪಂಥ): ಮೋಟರಿಗೆ ಕರೆಂಟು ಅಳೆದು ಕೊಡುವ ಕಂಟ್ರೋಲರಿನ ಅಲ್ಯೂಮಿನಿಯಂ ಡಬ್ಬಿ ಬಿಚ್ಚಿ ಕಣ್ಣಾರೆ ನೋಡಬೇಕೆಂಬುದು ಇವರ ಮತ. ಒಳಗೆ ಹೆಬ್ಬೆರಳ ಗಾತ್ರದ ಕ್ಯಾಪಾಸಿಟರ್. ಅದರ ಮೈಮೇಲೆ 63 ವೋಲ್ಟ್ ಎಂಬ ಶಾಸನ. ಚಾರ್ಜಾಗುವಾಗ ಒಂದೊಂದು ಲೆಡ್ ಆಸಿಡ್ ಬ್ಯಾಟರಿ 14.4 ವೋಲ್ಟ್ ತನಕ ಏರುತ್ತದೆ. ಐದರದೂ ಕೂಡಿ 72. “ಅದರ ಮ್ಯಾಲೆ 63 ಅಂತ ಬರದೈತಲ್ಲೋ ತಮ್ಮಾ?” ಎಂದು ಗುರು. “ಬರದದ್ದೆಲ್ಲಾ ಖರೇ ಇರ್ತೈತೇನ್ರಿ ಕಾಕಾ?” ಎಂದು ಶಿಷ್ಯ. ಮಾಯಾವಾದಕ್ಕೆ ಸಿಂದಗಿಯ ಕೊಡುಗೆ ಇದು.

ಅನುಮಾನ (ಮುದ್ದೇಬಿಹಾಳ ಪಂಥ): ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯನ್ನು ಊಹಿಸುವುದು ಪ್ರಾಚೀನರ ಪದ್ಧತಿ, ಸೀಟಿನಡಿ ಹೊಗೆ ಕಂಡರೆ ಕಂಟ್ರೋಲರಿನೊಳಗೆ ಕರೆಂಟಿನ ಸ್ವಿಚ್ಚಾಗಿರುವ ಮಾಸ್‌ಫೆಟ್ಟನ್ನು ಊಹಿಸುವುದು ಇವರದು. ಹೊಗೆ ಬಾರದಿದ್ದರೂ ಬಚಾವಲ್ಲ. ಹಳೆಯ ಕಂಟ್ರೋಲರ್ 42 ವೋಲ್ಟಿಗೆ ಇಳಿದಾಗ ಗಾಡಿ ನಿಲ್ಲಿಸುತ್ತದೆ. ನಾಲ್ಕು ಬ್ಯಾಟರಿಗಾದರೆ ತಲಾ 10.5, ಸರಿಹೋಯಿತು. ಐದಾದರೆ ತಲಾ 8.4, ಅಷ್ಟು ಹೊತ್ತಿಗೆ ಬ್ಯಾಟರಿಗಳು ಹಾಸಿಗೆ ಹಿಡಿದಿರುತ್ತವೆ.

ಶಬ್ದ (ಬಸವನ ಬಾಗೇವಾಡಿ ಪಂಥ): ಹಿರಿಯರ ಮಾತೇ ಪ್ರಮಾಣ. ಕೂಡಗಿಯ ವಿದ್ಯುತ್ ಸ್ಥಾವರ 2400 ಮೆಗಾವ್ಯಾಟ್, ಆಲಮಟ್ಟಿಯದು 290. ಇಂಥ ಸೀಮೆಯಲ್ಲಿ 12 ವೋಲ್ಟ್ ಯಾವ ಲೆಕ್ಕ ಎಂದು ಕಟ್ಟೆಯ ಮೇಲಿನವರು ಅಪ್ಪಣೆ ಕೊಡಿಸುತ್ತಾರೆ. ಕ್ಯಾಪಾಸಿಟರ್ ಒಂದೇ ಶಬ್ದದಲ್ಲಿ ಖಂಡಿಸುತ್ತದೆ: ‘ಟಪ್’.

ಸಿದ್ಧಾಂತ: ಕ್ಯಾಪಾಸಿಟರ್, ಮಾಸ್‌ಫೆಟ್ ಎರಡೂ 100 ವೋಲ್ಟಿನವಾಗಬೇಕು, ಒಳಗಿನ ಸಣ್ಣ ಸರ್ಕ್ಯೂಟುಗಳಿಗೆ ವೋಲ್ಟೇಜ್ ಇಳಿಸಿಕೊಡುವ ರೆಸಿಸ್ಟರ್ ಬದಲಾಗಬೇಕು, ಗಾಡಿ ನಿಲ್ಲುವ ಮಿತಿ 52.5ಕ್ಕೆ ಏರಬೇಕು, ಚಾರ್ಜರ್ ಕೂಡ 60ರದ್ದೇ ಬೇಕು. ಇಷ್ಟಾದ ಮೇಲೆ ಹಳೆಯ ಕಂಟ್ರೋಲರಿನದು ಎಂದು ಉಳಿಯುವುದು ಡಬ್ಬಿ ಮಾತ್ರ. 60 ವೋಲ್ಟಿನದನ್ನೇ ಕೊಳ್ಳುವುದು ಲೇಸೆಂದು ನಾಲ್ಕೂ ಪಂಥಗಳಿಗೆ ಗೊತ್ತು; ಆದರೆ ಅದರಲ್ಲಿ ಪಾಂಡಿತ್ಯವಿಲ್ಲ.

ಫಲಶ್ರುತಿ: ಶಕ್ತಿ 250 ವ್ಯಾಟಿನೊಳಗೆ, ವೇಗ 25 ಕಿ.ಮೀ. ಒಳಗೆ ಇರುವ ತನಕ ಕಾನೂನಿನ ಕಣ್ಣಿಗೆ ಇ-ಬೈಕು ಮೋಟಾರು ವಾಹನವೇ ಅಲ್ಲ. ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ. 31 ಮುಟ್ಟಿತೋ, ಎಲ್ಲವೂ ಬೇಕು. ಮೇಲಾಗಿ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಸಜೆ, ಎರಡೂ ಆದೀತು. ಇದನ್ನೆಲ್ಲ ಓದಿಯೂ ಐದನೆಯದನ್ನು ಜೋಡಿಸಿದವನಿಗೆ ಒಂದು ಕಿವಿಮಾತು: ಮಾಸ್‌ಫೆಟ್ ಶಾರ್ಟ್ ಆದ ಗಾಡಿ ತಳ್ಳಿದರೂ ಹಿಂದಕ್ಕೆ ಜಗ್ಗುತ್ತದೆ. ಮೋಟರಿನ ಹಳದಿ, ಹಸಿರು, ನೀಲಿ ವೈರುಗಳನ್ನು ಕಂಟ್ರೋಲರಿನಿಂದ ಬಿಡಿಸಿ ತಳ್ಳಿದರೆ ಗಂಟೆಗೆ ನಾಲ್ಕು ಕಿ.ಮೀ. ಸಿಕ್ಕೀತು. ಆ ವೇಗಕ್ಕೆ ಲೈಸೆನ್ಸ್ ಬೇಡ.