ಕಾಸಿಗೆ ತಕ್ಕ ಮೌನ

ದ್ರವ್ಯವನ್ನು ವ್ಯಯಿಸಿ ಮೌನವನ್ನು ಕ್ರಯಕ್ಕೆ ಪಡೆಯುವ ಪುಣ್ಯಾತ್ಮರಲ್ಲಿ ಹಳೆಯ ಕಾರಿನ ಒಡೆಯನೇ ಅಗ್ರಗಣ್ಯನು. 1897ರಲ್ಲಿ ಅಮೆರಿಕದ ರೀವ್ಸ್ ಸೋದರರು ಎಂಜಿನ್ನಿನ ಆರ್ಭಟವನ್ನಡಗಿಸುವ ಡಬ್ಬಿಗೆ ಪೇಟೆಂಟು ಪಡೆದಾಗ, ಅದು ಮುಂದೊಂದು ದಿನ ಶಿಗ್ಗಾಂವಿಯ ಗ್ಯಾರೇಜಿನಲ್ಲಿ ತಂತಿಯಿಂದ ಬಿಗಿಸಿಕೊಂಡು ಜೋತಾಡೀತೆಂದು ಕನಸಿನಲ್ಲಿಯೂ ಎಣಿಸಿರಲಾರರು.

ಸೈಲೆನ್ಸರು ಕೆಡುವುದು ಬಹುಧಾ ಒಳಗಿನಿಂದ. ಹಾನಗಲ್ಲಿನ ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಎಂದು ಅಲ್ಪದೂರವನ್ನಷ್ಟೇ ಸಂಚರಿಸುವ ಕಾರಿನ ಕೊಳವೆಯು ಸಾಕಷ್ಟು ಕಾಯದಿರುವುದರಿಂದ, ಹೊಗೆಯೊಳಗಿನ ನೀರಾವಿಯು ಅಲ್ಲಿಯೇ ನೀರಾಗಿ ನಿಂತು, ಹೊರಗಿನ ಬಣ್ಣ ಮಾಸುವ ಮೊದಲೇ ಒಳಗೆ ತುಕ್ಕು ಹಿಡಿಸುವುದು. ಅಗ್ಗದ ತೆಳುತಗಡು ಬೇಗನೆ ಸೋಲುವುದು. ಅಲ್ಯುಮಿನಿಯಂ ಲೇಪನದ್ದು ಕೆಲಕಾಲ ತಾಳುವುದು. ಮಾಲು ಸ್ಟೇನ್‌ಲೆಸ್ ಹೌದೋ ಅಲ್ಲವೋ ಎಂಬ ಪರೀಕ್ಷೆಗೆಂದು ಅಯಸ್ಕಾಂತವನ್ನು ಜೇಬಿನಲ್ಲಿಟ್ಟು ಹೊರಡುವ ಜಾಣರುಂಟು. ಆದರೆ ಸೈಲೆನ್ಸರಿಗೆ ಬಳಸುವ ಸ್ಟೇನ್‌ಲೆಸ್ ಉಕ್ಕಿನಲ್ಲಿಯೂ ಅಯಸ್ಕಾಂತಕ್ಕೆ ಅಂಟುವ ಜಾತಿಯಿರುವುದರಿಂದ ಅವರ ಜಾಣತನವು ಜೇಬಿನಲ್ಲಿಯೇ ಉಳಿಯುವುದು ಕ್ಷೇಮ. ಎತ್ತಿ ತೂಕ ನೋಡುವುದೂ ಅಲುಗಿಸಿ ಕಿವಿಗೊಡುವುದೂ ಲೇಸು; ಒಳಗೆ ಗಲಗಲವೆಂದರೆ ಬೆಸುಗೆ ಬಿಟ್ಟಿತೆಂದು ತಿಳಿಯತಕ್ಕದ್ದು.

ಸವಣೂರಿನ ವ್ಯಾಪಾರಿಯೋ, ತನ್ನ ಮಾಲು ಆ ಊರಿನ ದೊಡ್ಡಹುಣಸೆ ಮರಗಳಷ್ಟು ಕಾಲ ಬಾಳುವುದೆಂದು ಆಣೆಯಿಟ್ಟು, “ಸಪ್ಪಳ ಬ್ಯಾಡಂದ್ರ ಇದನ್ನ ಒಯ್ರೀ, ಸಪ್ಪಳ ಬೇಕಂದ್ರ ಅದನ್ನ ಒಯ್ರೀ, ರೇಟ್ ಎರಡಕ್ಕೂ ಒಂದ ಐತ್ರೀ” ಎಂದು ಸ್ಥಿತಪ್ರಜ್ಞನಂತೆ ನುಡಿಯುವನು.

ಹಿರೇಕೆರೂರಿನಲ್ಲಿ ಉತ್ತಮವಾದುದನ್ನೇ ಹಾಕಿಸಿದ ಗೃಹಸ್ಥರೊಬ್ಬರ ಮನೆಯಲ್ಲಿ ಮಾತ್ರ, ಹಿಂದೆ ಕೆರೆಯ ಏರಿಯ ಮೇಲೆ ಗುಡುಗು ಕೇಳಿದೊಡನೆ ಒಲೆಯೇರುತ್ತಿದ್ದ ರೊಟ್ಟಿಯ ಹಂಚು, ಈಗ ಯಜಮಾನರು ಬಾಗಿಲಿಗೆ ಬಂದು ಕೆಮ್ಮುವವರೆಗೂ ಏರುವುದಿಲ್ಲವಂತೆ.